ಹಾಜರಿ ಪುಸ್ತಕದಿಂದ ಪಂಚಿಂಗ್ ಯಂತ್ರಕ್ಕೆ: ಸಣ್ಣ ಕಾರ್ಖಾನೆಯ ಮೊದಲ ಮೂರು ತಿಂಗಳು

ಯಶವಂತಪುರ ಇಂಡಸ್ಟ್ರಿಯಲ್ ಸಬರ್ಬಿನಲ್ಲಿ ಮೂವತ್ತು ಜನ ದುಡಿಯುವ ಒಂದು ಮಷಿನ್ ಶಾಪ್ ಇದೆ ಎಂದುಕೊಳ್ಳಿ. ನಾಲ್ಕು ಲೇತ್, ಮೂರು ಸಿಎನ್‌ಸಿ, ಮೂಲೆಯಲ್ಲಿ ಒಂದು ಗ್ರೈಂಡಿಂಗ್ ಯಂತ್ರ. ಬೆಳಿಗ್ಗೆ 8.30ಕ್ಕೆ ಶಿಫ್ಟ್. ಬಂದವರ ಹೆಸರಿನ ಮುಂದೆ ಸೂಪರ್‌ವೈಸರ್ ಹಾಜರಿ ಹಾಕುತ್ತಾರೆ. ಸಂಜೆ ಓವರ್‌ಟೈಮಿಗೆ (ಓಟಿ) ನಿಂತವರ ಹೆಸರು ಜೇಬಿನಲ್ಲಿರುವ ಸಣ್ಣ ಡೈರಿಗೆ ಹೋಗುತ್ತದೆ. ತಿಂಗಳು ಮುಗಿದಾಗ ಪುಸ್ತಕವನ್ನೂ ಡೈರಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಅಕೌಂಟೆಂಟ್ ಬಟವಾಡೆ ಪಟ್ಟಿ ತಯಾರಿಸುತ್ತಾರೆ. ಸಂಬಳ ಕೈಗೆ ಬಂದ ದಿನ, "ಸಾರ್, ನಂದು ನಾಲ್ಕು ಗಂಟೆ ಓಟಿ ಬಿಟ್ಟೋಗಿದೆ" ಎಂದು ಒಬ್ಬರಾದ ಮೇಲೆ ಒಬ್ಬರು ಬಂದು ನಿಲ್ಲುತ್ತಾರೆ. ಅವರು ಹೇಳುವುದು ನಿಜವೋ ಅಲ್ಲವೋ ತೀರ್ಮಾನಿಸಲು ಆ ಡೈರಿ ಬಿಟ್ಟರೆ ಬೇರೇನೂ ಇರುವುದಿಲ್ಲ.

ಇಂಥ ಪಟ್ಟಿಗಳ ಮುಂದೆ ನಾನು ಹಲವು ವರ್ಷ ಕೂತಿದ್ದೇನೆ. ಪಂಚಿಂಗ್ ಯಂತ್ರ ತರಿಸುವ ಮಾಲೀಕರಲ್ಲಿ ಹೆಚ್ಚಿನವರು ತಡವಾಗಿ ಬರುವವರನ್ನು ಹಿಡಿಯಬೇಕೆಂದು ತರಿಸುತ್ತಾರೆ. ಆದರೆ ಕೂಲಿಯ ಖರ್ಚು ದೊಡ್ಡ ಮೊತ್ತದಲ್ಲಿ ಸೋರುವುದು ಗೇಟಿನಲ್ಲಲ್ಲ, ಗೇಟಿನ ಒಳಗೆ: ಮಾಲು ಬಾರದೆ ಖಾಲಿ ನಿಂತ ಯಂತ್ರದಲ್ಲಿ, ಯೋಜನೆಯಿಲ್ಲದೆ ಕೊಟ್ಟ ಓಟಿಯಲ್ಲಿ. ಯಂತ್ರ ಕೊಡುವ ಲೆಕ್ಕವನ್ನು ಆ ಕಡೆ ತಿರುಗಿಸಲು ಕಲಿತರೆ ಯಾರ ಸಂಬಳಕ್ಕೂ ಕೈ ಹಾಕದೆ ಖರ್ಚು ಇಳಿಸಬಹುದು. ಹೊಸದಾಗಿ ಶುರು ಮಾಡುವವರು ಹಂತ ಹಂತವಾಗಿ ಏನು ಮಾಡಬೇಕು ಎಂದು ಇಲ್ಲಿ ಬರೆದಿದ್ದೇನೆ.

ಹಂತ 1: ಒಂದು ಗಂಟೆಯ ಬೆಲೆ ತಿಳಿದುಕೊಳ್ಳಿ

ಯಂತ್ರ ಕೊಳ್ಳುವ ಮೊದಲೇ ಆಗಬೇಕಾದ ಕೆಲಸ ಇದು. ಒಬ್ಬ ಆಪರೇಟರ್‌ಗೆ ಮೂಲ ವೇತನ ಮತ್ತು ಡಿಎ ಸೇರಿ ತಿಂಗಳಿಗೆ 20,800 ರೂಪಾಯಿ ಎಂದು ಹಿಡಿಯಿರಿ. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ ಎಂದರೆ ಗಂಟೆಗೆ ಸರಿಯಾಗಿ 100 ರೂಪಾಯಿ ಬರುತ್ತದೆ. ಹೆಚ್ಚಿನ ಮಾಲೀಕರ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ.

ಮುಂದೆ ಹೋಗೋಣ. ಪಿಎಫ್‌ಗೆ 15,000 ರೂಪಾಯಿ ಮಿತಿಯ ಮೇಲೆ ಮಾಲೀಕರ ಪಾಲು ಶೇ. 12, ವಿಮೆ ಮತ್ತು ಆಡಳಿತ ಶುಲ್ಕ ಸೇರಿ ಶೇ. 13, ಅಂದರೆ 1,950 ರೂಪಾಯಿ. ಇಎಸ್‌ಐಗೆ ಶೇ. 3.25ರಂತೆ 676. ಗ್ರಾಚುಯಿಟಿಗೆ ವರ್ಷಕ್ಕೆ 15 ದಿನದ ವೇತನ ಎತ್ತಿಡಬೇಕು, ಅದು ತಿಂಗಳಿಗೆ 1,000. ಬೋನಸ್ ಬಿಟ್ಟೇ ಒಟ್ಟು 24,426 ರೂಪಾಯಿ ಆಯಿತು. ಇನ್ನು ದಿನಗಳ ಲೆಕ್ಕ. ವರ್ಷದ 312 ಕೆಲಸದ ದಿನಗಳಲ್ಲಿ ಹಬ್ಬದ ರಜೆ 10, ಇಪ್ಪತ್ತು ದಿನ ದುಡಿದದ್ದಕ್ಕೆ ಒಂದರಂತೆ ಗಳಿಕೆ ರಜೆ ಸುಮಾರು 15. ಇವನ್ನು ಕಳೆದರೆ ಆ ವ್ಯಕ್ತಿ ಯಂತ್ರದ ಮುಂದೆ ನಿಲ್ಲುವುದು ತಿಂಗಳಿಗೆ ಸರಾಸರಿ 24 ದಿನ, ಅಂದರೆ 192 ಗಂಟೆ. ಭಾಗಿಸಿದರೆ ಗಂಟೆಗೆ 127 ರೂಪಾಯಿ. ಓಟಿ ಗಂಟೆಗೆ ದುಪ್ಪಟ್ಟು ಕೂಲಿ, 200 ರೂಪಾಯಿ.

ಈ ಎರಡು ಅಂಕಿಗಳನ್ನು, 127 ಮತ್ತು 200, ಒಂದು ಕಾಗದದಲ್ಲಿ ಬರೆದು ಮೇಜಿನ ಮೇಲೆ ಇಟ್ಟುಕೊಳ್ಳಿ. ಮುಂದಿನ ಎಲ್ಲ ಹಂತಗಳಲ್ಲೂ ಇವು ಬೇಕು. ಮೂವತ್ತು ಜನ ತಿಂಗಳಿಗೆ ತಲಾ ಹತ್ತು ಗಂಟೆ ಓಟಿ ಮಾಡಿದರೆ 60,000 ರೂಪಾಯಿ. ಅದರಲ್ಲಿ ಎಷ್ಟು ನಿಜವಾಗಿ ಬೇಕಾಗಿತ್ತು ಎನ್ನುವುದೇ ನಾವು ಉತ್ತರ ಹುಡುಕಬೇಕಾದ ಪ್ರಶ್ನೆ.

ಹಂತ 2: ನಿಯಮ ಮೊದಲು, ಯಂತ್ರ ಆಮೇಲೆ

ಶಿಫ್ಟ್ ಎಷ್ಟಕ್ಕೆ ಶುರು, ಊಟಕ್ಕೆ ಎಷ್ಟು ಹೊತ್ತು, ತಡವಾದರೆ ಎಷ್ಟು ನಿಮಿಷ ವಿನಾಯಿತಿ, ಓಟಿಗೆ ಯಾರು ಒಪ್ಪಿಗೆ ಕೊಡಬೇಕು, ಪಂಚ್ ಮರೆತರೆ ಏನು ಮಾಡಬೇಕು. ಇಷ್ಟನ್ನೂ ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಾಕಿ. ಬಿಹಾರ, ಒಡಿಶಾದ ಹುಡುಗರಿದ್ದರೆ ಹಿಂದಿಯಲ್ಲೂ ಇರಲಿ.

ಬರೆಯುವಾಗ ಕಾನೂನು ಕಣ್ಣ ಮುಂದೆ ಇರಬೇಕು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದ ಬಂದ ಮುಖ್ಯ ಮಾತುಗಳು ಅವುಗಳಲ್ಲೂ ಉಳಿದಿವೆ: ವಾರಕ್ಕೆ 48 ಗಂಟೆ, ಅದಕ್ಕೆ ಮೀರಿದ ದುಡಿಮೆಗೆ ದುಪ್ಪಟ್ಟು ಕೂಲಿ. ಓಟಿಗೆ ಕಾರ್ಮಿಕರ ಒಪ್ಪಿಗೆಯೂ ಬೇಕು.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕಿದೆ. ಹತ್ತು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಮುರಿಯುವ ಪದ್ಧತಿ ಎಷ್ಟೋ ಕಡೆ ಇದೆ. ನಮ್ಮ ಉದಾಹರಣೆಯ ಆಪರೇಟರ್‌ಗೆ ಹತ್ತು ನಿಮಿಷದ ಬೆಲೆ 17 ರೂಪಾಯಿಯೂ ಆಗುವುದಿಲ್ಲ. ಅದಕ್ಕೆ 400 ರೂಪಾಯಿ ಮುರಿಯುವುದು ಅನ್ಯಾಯ, ಕಾನೂನಿಗೂ ವಿರುದ್ಧ. ಗೈರಾದ ಅವಧಿಗೆ ತಕ್ಕಷ್ಟನ್ನು ಮಾತ್ರ ಮುರಿಯಬಹುದು ಎಂದು 1936ರ ವೇತನ ಪಾವತಿ ಕಾಯ್ದೆಯಲ್ಲೇ ಇತ್ತು, ವೇತನ ಸಂಹಿತೆಯಲ್ಲೂ ಇದೆ. ಅನೇಕ ಸಾಫ್ಟ್‌ವೇರ್‌ಗಳಲ್ಲಿ "ಮೂರು ಸಲ ತಡವಾದರೆ ಅರ್ಧ ದಿನ" ಎಂಬ ಆಯ್ಕೆ ಇರುತ್ತದೆ. ಮಾರಲು ಬಂದವರು ಅದನ್ನು ಹಾಕಿಕೊಡುತ್ತೇನೆ ಎಂದರೆ ಬೇಡ ಎನ್ನಿ.

ಹಂತ 3: ಯಂತ್ರವನ್ನು ಆರಿಸುವುದು, ಅಳವಡಿಸುವುದು

ಹೆಬ್ಬಾಳದ ಆಫೀಸಿನಲ್ಲಿ ಬೆರಳಚ್ಚು ಯಂತ್ರ ಚೆನ್ನಾಗಿ ಕೆಲಸ ಮಾಡುತ್ತದೆ ಎಂದ ಮಾತ್ರಕ್ಕೆ ಮಷಿನ್ ಶಾಪಿನಲ್ಲೂ ಮಾಡುತ್ತದೆ ಎಂದುಕೊಳ್ಳಬೇಡಿ. ಕೂಲೆಂಟಿನಲ್ಲಿ ನೆನೆದು, ಲೋಹದ ಸಿಬಿರು ತಾಗಿ, ವರ್ಷಗಟ್ಟಲೆ ಎಮರಿ ಪೇಪರ್ ಉಜ್ಜಿ ಬೆರಳಿನ ಗೆರೆಗಳೇ ಸವೆದಿರುತ್ತವೆ. ನಾನು ಕಂಡ ಒಂದು ಶಾಪಿನಲ್ಲಿ ಎಲ್ಲರಿಗಿಂತ ಮೊದಲು ಬರುತ್ತಿದ್ದ ಹಿರಿಯ ಟರ್ನರ್ ಒಬ್ಬರು ವಾರವಿಡೀ ಗೈರು ಎಂದು ದಾಖಲಾಗಿದ್ದರು. "ಮೂವತ್ತು ವರ್ಷ ಲೇತ್ ಹಿಡಿದ ಕೈ ಸಾರ್, ಈ ಡಬ್ಬಕ್ಕೆ ಗೊತ್ತಾಗ್ತಿಲ್ಲ" ಎಂದು ಅವರು ಅಂಗೈ ತೋರಿಸಿದಾಗ ನನಗೆ ಉತ್ತರ ಕೊಡಲು ಆಗಲಿಲ್ಲ. ಅಂಥ ಕಡೆ ಮುಖ ಗುರುತಿಸುವ ಯಂತ್ರ ಅಥವಾ ಕಾರ್ಡ್ ವಾಸಿ. ಕಾರ್ಡ್ ಅಗ್ಗ, ಆದರೆ ಒಬ್ಬರದ್ದನ್ನು ಇನ್ನೊಬ್ಬರು ತೋರಿಸಬಹುದು. ಮುಖದ ಯಂತ್ರಕ್ಕೆ ಎದುರು ಬಿಸಿಲು ಬೀಳಬಾರದು. ಪೂರ್ವಕ್ಕೆ ತೆರೆದ ಗೇಟಿದ್ದರೆ ಒಳಗೋಡೆಗೆ ಹಾಕಿಸಿ.

ಕರೆಂಟ್ ಹೋದರೂ ನಡೆಯುವಂತೆ ಬ್ಯಾಟರಿ ಇರಬೇಕು. ಇಂಟರ್ನೆಟ್ ಇಲ್ಲದಾಗ ಪಂಚ್‌ಗಳನ್ನು ಒಳಗೇ ಹಿಡಿದಿಟ್ಟು ಆಮೇಲೆ ಕಳಿಸುವಂತಿರಬೇಕು. ಗಡಿಯಾರ ತನ್ನಷ್ಟಕ್ಕೆ ಸರಿಹೊಂದಬೇಕು. ಐದು ನಿಮಿಷ ಮುಂದೆ ಓಡುವ ಯಂತ್ರ ಇಡೀ ಶಾಪನ್ನು ತಡ ಮಾಡಿಬಿಡುತ್ತದೆ. ಸೈಟಿಗೆ ಹೋಗಿ ರಿಪೇರಿ ಮಾಡುವ ಹುಡುಗರಿಗೆ ಮೊಬೈಲ್ ಆ್ಯಪ್ ಸಾಕು, ಆದರೆ ಶೀಟ್ ಛಾವಣಿಯ ಕೆಳಗೆ ಜಿಪಿಎಸ್ ಅತ್ತಿತ್ತ ಜಾರುವುದನ್ನು ನೆನಪಿಡಿ. ಇಎಸ್‌ಎಸ್‌ಎಲ್‌ನ ಯಂತ್ರಗಳಾಗಲಿ ಗ್ರೇಟ್‌ಎಚ್‌ಆರ್‌ನಂಥ ಸಾಫ್ಟ್‌ವೇರ್ ಆಗಲಿ, ಎರಡೂ ಬೆಂಗಳೂರಿನ ಕಂಪನಿಗಳವೇ. ಯಾವುದನ್ನೇ ಕೊಂಡರೂ ಕೇಳಬೇಕಾದ ಪ್ರಶ್ನೆ ಒಂದೇ: ಕೆಟ್ಟರೆ ಯಾರು ಬರುತ್ತಾರೆ, ಎಷ್ಟು ಹೊತ್ತಿನಲ್ಲಿ ಬರುತ್ತಾರೆ?

ಬೆರಳಚ್ಚೂ ಮುಖವೂ ಆ ವ್ಯಕ್ತಿಗೆ ಸೇರಿದ ಸ್ವಂತ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಇದೂ ಬರುತ್ತದೆ. ಯಾತಕ್ಕೆ ತೆಗೆದುಕೊಳ್ಳುತ್ತಿದ್ದೀರಿ ಎಂದು ತಿಳಿಸಿ, ಕೆಲಸ ಬಿಟ್ಟು ಹೋದವರದ್ದನ್ನು ಯಂತ್ರದಿಂದ ಅಳಿಸಿ.

ಹಂತ 4: ಕ್ಯಾಲೆಂಡರ್ ತುಂಬಿ, ಪುಸ್ತಕವನ್ನೂ ಮುಂದುವರಿಸಿ

ಕರ್ನಾಟಕದಲ್ಲಿ 1963ರ ಕಾಯ್ದೆಯಂತೆ ಕೈಗಾರಿಕೆಗಳಿಗೆ ವರ್ಷಕ್ಕೆ ಹತ್ತು ರಜೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1 ಖಾಯಂ, ಉಳಿದ ಐದು ಹಬ್ಬಗಳಿಗೆ. ಇವನ್ನು ಮೊದಲ ದಿನವೇ ತುಂಬದಿದ್ದರೆ ರಾಜ್ಯೋತ್ಸವದ ದಿನ ಯಂತ್ರ ಮೂವತ್ತು ಜನರಿಗೂ ಗೈರು ಹಾಕುತ್ತದೆ.

ಎರಡು ತಿಂಗಳು ಹಳೆಯ ಪುಸ್ತಕ ಮತ್ತು ಹೊಸ ಯಂತ್ರ ಜೊತೆಜೊತೆಗೆ ನಡೆಯಲಿ. ದಿನವೂ ಎರಡನ್ನೂ ತಾಳೆ ನೋಡಿ. ವ್ಯತ್ಯಾಸ ಬಂದ ಕಡೆಯೆಲ್ಲ ಆ ಕಾರ್ಮಿಕರನ್ನೇ ಕೇಳಿ ಬರೆದುಕೊಳ್ಳಿ. ಈ ಎರಡು ತಿಂಗಳಲ್ಲಿ ಯಂತ್ರದ ಲೆಕ್ಕದ ಮೇಲೆ ಯಾರ ಸಂಬಳವನ್ನೂ ಮುರಿಯಬೇಡಿ.

ಹಂತ 5: ವಾರಕ್ಕೊಮ್ಮೆ ಅರ್ಧ ಗಂಟೆ ವರದಿ ಓದಿ

ಉಳಿತಾಯ ಹುಟ್ಟುವುದು ಇಲ್ಲಿಯೇ. ಹೆಚ್ಚಿನವರು ಯಂತ್ರ ಹಾಕಿಸಿ, ಈ ಅರ್ಧ ಗಂಟೆಯನ್ನು ಮಾತ್ರ ಕೊಡದೆ ಸೋಲುತ್ತಾರೆ. ಸೋಮವಾರ ಬೆಳಿಗ್ಗೆ ಹಿಂದಿನ ವಾರದ ಓಟಿಯನ್ನು ದಿನವಾರು ಮತ್ತು ವಿಭಾಗವಾರು ತೆಗೆದು ನೋಡಿ. ಯಾರು ಹೆಚ್ಚು ಓಟಿ ಮಾಡಿದರು ಎನ್ನುವುದಕ್ಕಿಂತ ಯಾವ ದಿನ, ಯಾಕೆ ಎಂದು ಕೇಳಿಕೊಳ್ಳಿ.

ಒಂದು ಕಡೆ ಓಟಿಯೆಲ್ಲ ಶುಕ್ರವಾರ, ಶನಿವಾರವೇ ಬೀಳುತ್ತಿತ್ತು. ಕಾರಣ ಹುಡುಕುತ್ತ ಹೋದರೆ, ಪೀಣ್ಯದಿಂದ ಪ್ಲೇಟಿಂಗ್ ಆಗಿ ಬರಬೇಕಿದ್ದ ಬಿಡಿಭಾಗಗಳು ಗುರುವಾರ ಸಂಜೆ ಬರುತ್ತಿದ್ದವು. ಮಂಗಳವಾರ, ಬುಧವಾರ ಅಸೆಂಬ್ಲಿಯ ಆರು ಜನ ದಿನಕ್ಕೆ ಎರಡು ಗಂಟೆ ಕೈಕಟ್ಟಿ ಕೂರುವುದು, ವಾರಾಂತ್ಯದಲ್ಲಿ ದುಪ್ಪಟ್ಟು ಕೂಲಿಗೆ ರಾತ್ರಿಯವರೆಗೆ ನಿಲ್ಲುವುದು. ಮೊದಲ ಹಂತದ ಕಾಗದ ಈಗ ತೆಗೆಯಿರಿ. ಖಾಲಿ ಕೂತ 24 ಗಂಟೆಗೆ 3,048 ರೂಪಾಯಿ, ಅದೇ ಕೆಲಸಕ್ಕೆ ಮತ್ತೆ ಓಟಿ 4,800. ಒಂದು ವಾರಕ್ಕೆ 7,848 ರೂಪಾಯಿ. ಮಾಲನ್ನು ಎರಡು ಕಂತಿನಲ್ಲಿ ಪ್ಲೇಟಿಂಗಿಗೆ ಕಳಿಸಿ ಅರ್ಧವನ್ನು ಸೋಮವಾರವೇ ತರಿಸಿಕೊಳ್ಳುವ ಏರ್ಪಾಡಾದ ಮೇಲೆ ಓಟಿ ತಾನಾಗಿ ಕರಗಿತು. ಟೆಂಪೊ ಬಾಡಿಗೆ ಒಂದು ಸಲ ಹೆಚ್ಚು ಬಿತ್ತು, ಅಷ್ಟೆ. ಓಟಿಯ ದುಡ್ಡನ್ನೇ ನಂಬಿದ್ದ ಇಬ್ಬರು ಬಂದು ಕಷ್ಟ ಹೇಳಿಕೊಂಡರು. ಉಳಿದುದರಲ್ಲಿ ಒಂದು ಪಾಲನ್ನು ಹಾಜರಿ ಭತ್ಯೆಯಾಗಿ ಎಲ್ಲರಿಗೂ ಕೊಡುವುದು ನ್ಯಾಯ ಎಂದು ನಾನು ಹೇಳಿದೆ, ಈಗಲೂ ಹಾಗೇ ನಂಬಿದ್ದೇನೆ.

ತಡವಾಗಿ ಬರುವವರ ಪಟ್ಟಿಯನ್ನೂ ಇದೇ ಕಣ್ಣಿನಿಂದ ನೋಡಿ. ಯಲಹಂಕದ ಏಳೆಂಟು ಜನ ದಿನಾ 8.40ರ ಹೊತ್ತಿಗೆ ಒಟ್ಟಿಗೆ ಪಂಚ್ ಮಾಡುತ್ತಿದ್ದರೆ ಅವರೆಲ್ಲ ಒಂದೇ ಬಸ್ಸಿನಲ್ಲಿ ಬರುತ್ತಿದ್ದಾರೆ ಎಂದು ಅರ್ಥ. ಎಂ.ಎಸ್. ಪಾಳ್ಯ, ಗಂಗಮ್ಮ ಸರ್ಕಲ್, ಬಿಇಎಲ್ ಸರ್ಕಲ್ ದಾಟಿ ಬರುವ ಆ ದಾರಿಯಲ್ಲಿ ಅವರು ಎಷ್ಟು ಬೇಗ ಎದ್ದರೂ ಸಿಗ್ನಲ್ ಬೇಗ ಬಿಡುವುದಿಲ್ಲ. ಆರ್.ಟಿ. ನಗರದಿಂದ ಬರುವವರಿಗೆ ಮೇಖ್ರಿ ಸರ್ಕಲ್ ಅಡ್ಡ. ಶಿಫ್ಟನ್ನು 8.45ಕ್ಕೆ ಸರಿಸಿ ಸಂಜೆಯೂ ಹದಿನೈದು ನಿಮಿಷ ಮುಂದಕ್ಕೆ ಹಾಕಿದರೆ ತೊಂದರೆಯೇ ಇರುವುದಿಲ್ಲ.

ಗೈರಿಗೂ ಒಂದು ಲಯವಿದೆ. ಯುಗಾದಿಯ ಮರುದಿನದ ವರ್ಷತೊಡಕು, ಊರ ಜಾತ್ರೆಗಳು, ಉತ್ತರ ಕರ್ನಾಟಕದವರಿಗೆ ಸುಗ್ಗಿ, ಬಿಹಾರದವರಿಗೆ ಛಠ್. ಒಂದು ವರ್ಷದ ದಾಖಲೆ ಕೈಯಲ್ಲಿದ್ದರೆ ಯಾವ ವಾರ ಎಷ್ಟು ಜನ ಇರುವುದಿಲ್ಲ ಎಂದು ಮೊದಲೇ ತಿಳಿಯುತ್ತದೆ. ಆ ವಾರಕ್ಕೆ ದೊಡ್ಡ ಡೆಲಿವರಿ ಒಪ್ಪಿಕೊಳ್ಳಬೇಡಿ. ರಜೆಯನ್ನು ಮೊದಲೇ ಕೇಳಿದವರಿಗೆ ಕೊಡಿ.

ಹಂತ 6: ಹಾಜರಿಯನ್ನು ಜಾಬ್ ಕಾರ್ಡಿಗೆ ಜೋಡಿಸಿ

ಮೂರನೆಯ ತಿಂಗಳಿಗೆ ಇದು ಸಾಕು. ಯಾವ ಆರ್ಡರಿಗೆ ಎಷ್ಟು ಗಂಟೆ ಹೋಯಿತು ಎಂದು ಆಪರೇಟರ್ ಜಾಬ್ ಕಾರ್ಡಿನಲ್ಲಿ ಬರೆಯಲಿ. ಪಂಚ್ ಹೇಳುವ 8 ಗಂಟೆಗೂ ಕಾರ್ಡ್ ಹೇಳುವ 6 ಗಂಟೆಗೂ ನಡುವಿನ ಎರಡು ಗಂಟೆ ಎಲ್ಲಿ ಹೋಯಿತು ಎನ್ನುವುದಕ್ಕೆ ಟೂಲ್ ಹುಡುಕುವುದು, ಸೆಟ್ಟಿಂಗ್, ಡ್ರಾಯಿಂಗ್‌ಗೆ ಕಾಯುವುದು ಎಂಬ ಉತ್ತರಗಳು ಬರುತ್ತವೆ. ಮುಂದಿನ ಕೊಟೇಶನ್ ಹಾಕುವಾಗ ಊಹೆಯ ಬದಲು ಈ ಗಂಟೆಗಳನ್ನೇ ಇಟ್ಟುಕೊಳ್ಳಿ.

ಹಂತ 7: ಗುತ್ತಿಗೆಯವರ ಬಿಲ್ಲು

ಕಂಟ್ರಾಕ್ಟರ್ ಮೂಲಕ ಬಂದವರೂ ಅದೇ ಯಂತ್ರದಲ್ಲಿ ಪಂಚ್ ಮಾಡಲಿ. ತಿಂಗಳ ಬಿಲ್ಲನ್ನು ಪಂಚ್‌ಗಳ ಜೊತೆ ತಾಳೆ ನೋಡಿದ ಮೇಲೆ ಸಹಿ ಹಾಕಿ. ಆದರೆ ದಾಖಲೆ ಸರಿಯಿಲ್ಲ ಎಂದು ಬಟವಾಡೆಯನ್ನೇ ತಡೆಯಬೇಡಿ. ಆಗಿನ ಬಿಬಿಎಂಪಿ 2017ರಲ್ಲಿ ಪೌರಕಾರ್ಮಿಕರಿಗೆ ಬಯೋಮೆಟ್ರಿಕ್ ಹಾಜರಿ ತಂದದ್ದು ಇಲ್ಲದ ಹೆಸರುಗಳಿಗೆ ಸಂಬಳ ಹೋಗುವುದನ್ನು ನಿಲ್ಲಿಸಲು. ಉದ್ದೇಶ ಸರಿಯೇ ಇತ್ತು. ಆದರೆ ಮರುವರ್ಷ ನಿಜವಾಗಿ ಬೀದಿ ಗುಡಿಸುತ್ತಿದ್ದ ಅನೇಕರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಪ್ರತಿಭಟನೆಗೆ ಇಳಿಯಬೇಕಾಯಿತು. ಪಟ್ಟಿಯ ಗೊಂದಲ ಬಗೆಹರಿಯಲು ಸಮಯ ಹಿಡಿಯಬಹುದು, ಮನೆಯ ಒಲೆ ಅಲ್ಲಿಯವರೆಗೆ ಕಾಯುವುದಿಲ್ಲ. ಕಾನೂನೂ ಅದನ್ನೇ ಹೇಳುತ್ತದೆ: ಕಂಟ್ರಾಕ್ಟರ್ ಕೂಲಿ ಕೊಡದಿದ್ದರೆ ಕೊಡುವ ಹೊಣೆ ಮುಖ್ಯ ಮಾಲೀಕರದ್ದು.

ಹಂತ 8: ಲೆಕ್ಕವನ್ನು ದುಡಿದವರ ಕೈಗೆ ಕೊಡಿ

ತಿಂಗಳು ಮುಗಿದ ಮರುದಿನವೇ ಪ್ರತಿಯೊಬ್ಬರಿಗೂ ಅವರ ಹಾಜರಿ, ರಜೆ ಮತ್ತು ಓಟಿಯ ಚೀಟಿ ಕೊಡಿ, ಇಲ್ಲವೇ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ. ತಪ್ಪಿದ್ದರೆ ಹೇಳಲು ಮೂರು ದಿನ. ಸಂಬಳ 7ನೇ ತಾರೀಖಿನೊಳಗೆ ಆಗಬೇಕು, ಹಾಗಾಗಿ ತಿದ್ದಲು ಸಮಯ ಸಿಗುತ್ತದೆ. ತಿದ್ದಿದ್ದು ಯಾರು, ಯಾಕೆ ಎಂಬುದು ಸಾಫ್ಟ್‌ವೇರಿನಲ್ಲಿ ಉಳಿಯುವಂತೆ ನೋಡಿಕೊಳ್ಳಿ. ಸೂಪರ್‌ವೈಸರ್ ಒಬ್ಬರೇ ತಿದ್ದಿ ಅವರೇ ಒಪ್ಪುವಂತಾದರೆ ಜೇಬಿನ ಡೈರಿಯೇ ಬೇರೆ ರೂಪದಲ್ಲಿ ವಾಪಸು ಬಂದಂತೆ.

ಆ ಹಿರಿಯ ಟರ್ನರ್‌ಗೆ ಆಮೇಲೆ ಕಾರ್ಡ್ ಮಾಡಿಸಿಕೊಟ್ಟೆವು. ಮೊದಲ ತಿಂಗಳ ಚೀಟಿ ಬಂದಾಗ ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿ, ಹದಿನಾಲ್ಕನೇ ತಾರೀಖಿನ ಮೇಲೆ ಬೆರಳಿಟ್ಟು, "ಅವತ್ತು ಒಂದು ಗಂಟೆ ಜಾಸ್ತಿ ತೋರಿಸಿದೆ ಸಾರ್, ನಾನು ಐದೂವರೆಗೇ ಹೋದೆ" ಎಂದರು.