ಬಸಿರು, ಬಾಣಂತನ, ಖಿನ್ನತೆ: ಗೆಲ್ಲಲು 6 ಸೂತ್ರಗಳು

ಡೆಲಿವರಿ ಬ್ಯಾಗ್ ರೆಡಿ, ಆಫೀಸಿನ ಹ್ಯಾಂಡೋವರ್ ಮುಗಿದಿದೆ. ಈಗ ಮನಸ್ಸಿಗೂ ಒಂದು ಪ್ಲ್ಯಾನ್ ಮಾಡಿ.

1. ಎರಡು ವಾರದ ಗಡುವು ಹಾಕಿ.
ಹೆರಿಗೆಯಾದ ಮೂರ್ನಾಲ್ಕು ದಿನಕ್ಕೆ ಸುಮ್ಮಸುಮ್ಮನೆ ಅಳು ಬಂದರೆ ಗಾಬರಿಯಾಗಬೇಡಿ. ಅದು ಬೇಬಿ ಬ್ಲೂಸ್. ಸಾಮಾನ್ಯವಾಗಿ ಎರಡು ವಾರದೊಳಗೆ ತಾನೇ ತಿಳಿಯಾಗುತ್ತದೆ. ಆಗದಿದ್ದರೆ ಡಾಕ್ಟರ್ ಬಳಿ ಹೋಗಿ. ಮಗು ಮಲಗಿದರೂ ನಿಮಗೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಮಗುವನ್ನು ಎತ್ತಿಕೊಂಡರೂ ಏನೂ ಅನ್ನಿಸುವುದಿಲ್ಲ, ‘ನಾನು ತಾಯಿಯಾಗಲು ಲಾಯಕ್ಕಲ್ಲ’ ಎಂಬ ಯೋಚನೆ ಬಿಡುವುದಿಲ್ಲ: ಇವು ಖಿನ್ನತೆಯ ಲಕ್ಷಣಗಳು. ಬಸಿರಿನಲ್ಲೇ ಶುರುವಾಗಬಹುದು. ‘ಬಾಣಂತಿಗೆ ಇದೆಲ್ಲ ಇದ್ದದ್ದೇ’ ಎಂದು ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಆ ಮಾತು ಕೇಳಿ ಕಾಯುತ್ತ ಕೂರಬೇಡಿ.

2. ಹತ್ತು ಪ್ರಶ್ನೆಗೆ ಉತ್ತರಿಸಿ.
ಖಿನ್ನತೆಯ ಸುಳಿವು ಹುಡುಕಲು 1987ರಲ್ಲಿ ಬಂದ ಎಡಿನ್‌ಬರೋ ಸ್ಕೇಲ್ ಈ ಹತ್ತು ಪ್ರಶ್ನೆಗಳಲ್ಲಿ ಕಳೆದ ಏಳು ದಿನ ನಿಮಗೆ ಹೇಗನ್ನಿಸಿತು ಎಂದು ಕೇಳುತ್ತದೆ. ಚೆಕಪ್‌ಗೆ ಹೋದಾಗ ನೀವೇ ಕೇಳಿ ಮಾಡಿಸಿಕೊಳ್ಳಿ. ಸ್ಕೋರ್ ಹೆಚ್ಚಿದ್ದರೆ ಕಾಯಿಲೆ ಖಚಿತವೆಂದಲ್ಲ, ತಜ್ಞರು ನೋಡಬೇಕು ಎಂದರ್ಥ. ಜೊತೆಗೆ ಥೈರಾಯ್ಡ್, ಹಿಮೋಗ್ಲೋಬಿನ್ ಟೆಸ್ಟ್ ಮಾಡಿಸಿ. ಅಲ್ಲಿನ ಏರುಪೇರೂ ಸುಸ್ತು, ಬೇಸರ ತರುತ್ತದೆ.

3. ಮಾತ್ರೆಯ ಭಯ ಬಿಡಿ.
ಸೌಮ್ಯ ಖಿನ್ನತೆಗೆ ಕೌನ್ಸೆಲಿಂಗ್ ಸಾಕಾಗಬಹುದು. ತೀವ್ರವಾಗಿದ್ದರೆ ಮಾತ್ರೆ ಬೇಕು. ಸರ್ಟ್ರಲಿನ್‌ನಂಥ ಔಷಧಿ ಎದೆಹಾಲಿಗೆ ಸೇರುವುದು ತೀರಾ ಕಡಿಮೆ. ಹಾಲೂಡಿಸುವ ಎಷ್ಟೋ ತಾಯಂದಿರಿಗೆ ವೈದ್ಯರು ಕೊಡುತ್ತಾರೆ. ಪರಿಣಾಮ ಕಾಣಲು ಕೆಲವು ವಾರ ಬೇಕು, ತಾಳಿ. ಮೊದಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದು ಈಗ ಬಸಿರಾಗಿದ್ದರೆ ತಟ್ಟನೆ ನಿಲ್ಲಿಸಬೇಡಿ. ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. ಚಿಕಿತ್ಸೆಯಿಲ್ಲದ ಖಿನ್ನತೆಯಿಂದ ಮಗುವಿಗೂ ತೊಂದರೆಯಿದೆ.

4. ರಾತ್ರಿಪಾಳಿ ಹಂಚಿ.
ಒಂದು ಫೀಡ್ ಗಂಡನಿಗೋ ಅಮ್ಮನಿಗೋ ಒಪ್ಪಿಸಿ; ಹಿಂಡಿಟ್ಟ ಹಾಲು ಸಾಕು. ನಿದ್ದೆಗೆಟ್ಟರೆ ಖಿನ್ನತೆ ಬಲಿಯುತ್ತದೆ.

5. ರಜೆ ಕೇಳಿ ಪಡೆಯಿರಿ.
ಅರ್ಹ ಉದ್ಯೋಗಿಗೆ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳಸಹಿತ ರಜೆಯಿದೆ. ಹೆರಿಗೆಯಿಂದ ಬಂದ ಕಾಯಿಲೆಗೆ ವೈದ್ಯಕೀಯ ದಾಖಲೆ ಕೊಟ್ಟರೆ ಮತ್ತೊಂದು ತಿಂಗಳವರೆಗೆ ಕೇಳಲು ಕಾನೂನಿನಲ್ಲಿ ಅವಕಾಶವಿದೆ. ಎಚ್‌ಆರ್‌ಗೆ ಬರೆಯಲು ಸಂಕೋಚ ಬೇಡ.

6. ತುರ್ತು ಲಕ್ಷಣಗಳನ್ನು ಮನೆಯವರಿಗೆ ಈಗಲೇ ಹೇಳಿಡಿ.
ಸಾಯಬೇಕೆಂಬ ಯೋಚನೆ, ಮಗುವಿಗೆ ಏನಾದರೂ ಮಾಡಬೇಕೆಂಬ ಯೋಚನೆ, ಇಲ್ಲದ ದನಿ ಕೇಳುವುದು, ದಿನಗಟ್ಟಲೆ ನಿದ್ದೆಯಿಲ್ಲದ ಚಡಪಡಿಕೆ ಕಂಡರೆ ತಾಯಿಯನ್ನು ಒಬ್ಬಳೇ ಬಿಡಬಾರದು, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ದೆವ್ವ, ದೃಷ್ಟಿ ಎಂದು ಒಂದು ದಿನವೂ ಕಳೆಯಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ದಾಖಲಾಗಬೇಕಾಗಿ ಬಂದರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಾರ್ಡ್ ಇದೆ.