ನೀರಿಗೆ ಬೆರೆಯದ ಮದ್ದು ಹಾಲಿಗೆ ಬೆರೆಯುತ್ತದೆ



ಇವತ್ತು ಸಂಜೆ ಹಾಲು ಕಾಯಿಸುವಾಗ ಒಂದು ಸಣ್ಣ ಪರೀಕ್ಷೆ ಮಾಡಿ. ಒಂದು ಲೋಟದಲ್ಲಿ ಬಿಸಿನೀರು, ಇನ್ನೊಂದರಲ್ಲಿ ಬಿಸಿ ಹಾಲು ತೆಗೆದುಕೊಂಡು ಎರಡಕ್ಕೂ ಚಿಟಿಕೆ ಅರಸಿನ ಹಾಕಿ, ಕಲಕಿ ಇಡಿ. ಹಟ್ಟಿ ತೊಳೆದು ಬರುವಷ್ಟರಲ್ಲಿ ನೀರಿನ ಲೋಟದಲ್ಲಿ ಪುಡಿ ತಳಕ್ಕೆ ಕೂತಿರುತ್ತದೆ, ಮೇಲಿನ ನೀರು ತೆಳು ಹಳದಿ. ಹಾಲಿನ ಲೋಟದ ತಳದಲ್ಲೂ ಒಂದಿಷ್ಟು ಚರಟ ಇರಬಹುದು, ಆದರೆ ಹಾಲೆಲ್ಲ ಹಳದಿಯಾಗಿರುತ್ತದೆ. ಅರಸಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಎಂಬ ಅಂಶ ನೀರಿನಲ್ಲಿ ಕರಗುವುದಿಲ್ಲ ಎಂದೇ ಹೇಳಬೇಕು. ಹಾಲಿನಲ್ಲಿ ಅದಕ್ಕೆ ಕೂರಲು ಜಾಗ ಸಿಗುತ್ತದೆ.

ಆ ಜಾಗ ಯಾವುದು? ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರೇ. ಆ ನೀರಿನಲ್ಲಿ ಕಣ್ಣಿಗೆ ಕಾಣದ ಎರಡು ಬಗೆಯ ಕಣಗಳು ತೇಲುತ್ತಿರುತ್ತವೆ. ಒಂದು ಕೊಬ್ಬಿನ ಹನಿ. ಸಂಘದಲ್ಲಿ ಫ್ಯಾಟ್ ಎಂದು ಅಳೆಯುವುದು ಇದನ್ನೇ. ಒಂದು ಮಿಲಿಮೀಟರನ್ನು 1,000 ಪಾಲು ಮಾಡಿದರೆ ಅದರಲ್ಲಿ ಮೂರು ನಾಲ್ಕು ಪಾಲಿನಷ್ಟು ಗಾತ್ರ. ಇನ್ನೊಂದು ಕೇಸೀನ್ ಎಂಬ ಪ್ರೋಟೀನಿನ ಉಂಡೆ, ಅದಕ್ಕಿಂತ ಸುಮಾರು ಇಪ್ಪತ್ತು ಪಟ್ಟು ಚಿಕ್ಕದು. ಮೊಸರು ಗಟ್ಟಿಯಾಗುವುದು ಇದರಿಂದ. ಈ ಉಂಡೆಗೆ ಮೈಸೆಲ್ ಎಂದೂ, ಹೀಗೆ ಸಣ್ಣ ಕಣಗಳು ತೇಲುವ ದ್ರವಕ್ಕೆ ಕಲಿಲ ಎಂದೂ ಹೆಸರು. ಮಕ್ಕಳ ವಿಜ್ಞಾನ ಪುಸ್ತಕದಲ್ಲಿ ನೋಡಿ, ಕಲಿಲಕ್ಕೆ ಕೊಡುವ ಉದಾಹರಣೆ ಹಾಲೇ. ನೀರಿಗೆ ಸೇರದ, ಎಣ್ಣೆಗೆ ಒಗ್ಗುವ ವಸ್ತುಗಳು ಇಂಥ ಕಣಗಳ ಒಳಗೆ ಸೇರಿಕೊಂಡು ನೀರಿನಲ್ಲಿ ತಿರುಗಾಡುತ್ತವೆ.

ಸಾಬೂನಿನ ಕೆಲಸವೂ ಹೀಗೆಯೇ. ಹಾಲಿನ ಕ್ಯಾನನ್ನು ಬರೀ ತಣ್ಣೀರಿನಲ್ಲಿ ಎಷ್ಟು ತಿಕ್ಕಿದರೂ ಜಿಡ್ಡು ಹೋಗುವುದಿಲ್ಲ. ಸಾಬೂನಿನ ಒಂದೊಂದು ಅಣುವಿಗೂ ಒಂದು ತುದಿ ನೀರಿಗೆ ಒಗ್ಗುವಂಥದ್ದು, ಇನ್ನೊಂದು ತುದಿ ಎಣ್ಣೆಗೆ ಒಗ್ಗುವಂಥದ್ದು. ಎಣ್ಣೆ ತುದಿಗಳೆಲ್ಲ ಒಳಮುಖವಾಗಿ ಸೇರಿ ಒಂದು ಉಂಡೆ ಕಟ್ಟುತ್ತವೆ, ಜಿಡ್ಡು ಅದರೊಳಗೆ ಸಿಕ್ಕಿಕೊಂಡು ನೀರಿನೊಂದಿಗೆ ಹೋಗುತ್ತದೆ. ಇದೂ ಮೈಸೆಲ್.

ಈಗ ಹಟ್ಟಿಗೆ ಬರೋಣ. ಪುತ್ತೂರು, ಸುಳ್ಯ, ಕಡಬದ ಕಡೆ ಕಾಡಂಚಿನಲ್ಲಿ ಮೇಯುವ ದನಗಳಿಗೆ ಉಣ್ಣಿಯ ಕಾಟ ತಪ್ಪಿದ್ದಲ್ಲ. ಉಣ್ಣಿಗೆ ಸಿಂಪಡಿಸುವ ಡೆಲ್ಟಾಮೆತ್ರಿನ್, ಸೈಪರ್‌ಮೆತ್ರಿನ್ ಮದ್ದುಗಳು ನೀರಿಗೆ ಸೇರುವ ಜಾತಿಯವಲ್ಲ. ಅದಕ್ಕೇ ಬಾಟಲಿಯಲ್ಲಿ ಮದ್ದಿನ ಜೊತೆ ಸಾಬೂನಿನಂಥ ವಸ್ತುವನ್ನೂ ಸೇರಿಸಿರುತ್ತಾರೆ. ಬಕೆಟಿನ ನೀರಿಗೆ ಹಾಕಿದ ಕೂಡಲೇ ನೀರು ಹಾಲಿನಂತೆ ಬೆಳ್ಳಗಾಗುವುದು ಇದರಿಂದಲೇ. ಬೆಳ್ಳಗಾಯಿತು ಎಂದರೆ ಮದ್ದು ಸಣ್ಣ ಹನಿಗಳಾಗಿ ಹರಡಿದೆ ಎಂದರ್ಥ, ಕರಗಿದೆ ಎಂದಲ್ಲ. ತೋಟಕ್ಕೆ ಬಿಡುವ ಬೋರ್ಡೋ ದ್ರಾವಣವೂ ಹೆಸರಿಗೆ ಮಾತ್ರ ದ್ರಾವಣ, ಇಟ್ಟರೆ ತಳ ಕಟ್ಟುತ್ತದಲ್ಲ? ಇದೂ ಇಟ್ಟಷ್ಟು ಹೊತ್ತು ಬೇರ್ಪಡುತ್ತದೆ. ಮೊದಲು ಸ್ವಲ್ಪ ನೀರಿಗೆ ಹಾಕಿ ಚೆನ್ನಾಗಿ ಕಲಕಿ, ಆಮೇಲೆ ಉಳಿದ ನೀರು ಸೇರಿಸಿ. ಅಂದು ಕಲಸಿದ್ದನ್ನು ಅಂದೇ ಮುಗಿಸಿ. ಹಳೆ ಬಾಟಲಿಯ ಮದ್ದು ಬೆಳ್ಳಗಾಗದೆ ಮೇಲೆ ಎಣ್ಣೆಪಸೆ ತೇಲಿದರೆ ಬಳಸಲೇಬೇಡಿ, ಒಂದು ದನಕ್ಕೆ ಬರೀ ನೀರು, ಇನ್ನೊಂದಕ್ಕೆ ಖಾರ ಮದ್ದು ಬಿದ್ದೀತು. ತೆಂಗಿನೆಣ್ಣೆಯಲ್ಲಿ ಕಲಸಿ ಮೈಗೆ ಉಜ್ಜುವ ಕ್ರಮವೂ ಒಳ್ಳೆಯದಲ್ಲ. ಮದ್ದು ತೆಳುವಾಗದೆ ಚರ್ಮದ ಮೇಲೆ ಉಳಿಯುತ್ತದೆ, ದನ ನೆಕ್ಕುತ್ತದೆ. ಉಳಿದದ್ದನ್ನು ತೋಡಿಗೆ ಚೆಲ್ಲಬೇಡಿ. ಇವು ಮೀನಿಗೆ ಕಡು ವಿಷ, ನಮ್ಮ ತೋಡುಗಳು ಸೇರುವುದು ಕುಮಾರಧಾರೆಗೋ ಪಯಸ್ವಿನಿಗೋ ತಾನೆ?

ಆದರೆ ನನಗೆ ಮುಖ್ಯವಾಗಿ ಹೇಳಬೇಕಾದದ್ದು ಚುಚ್ಚುಮದ್ದಿನ ವಿಷಯ. ಉಣ್ಣಿ, ಹೇನು, ಹೊಟ್ಟೆಹುಳ ಮೂರಕ್ಕೂ ಆಗುತ್ತದೆಂದು ಐವರ್‌ಮೆಕ್ಟಿನ್ ಹೆಸರುವಾಸಿ. ಜಪಾನಿನ ಮಣ್ಣಿನಲ್ಲಿ ಸಿಕ್ಕಿದ ಸೂಕ್ಷ್ಮಜೀವಿಯಿಂದ ಬಂದ ಮದ್ದು ಇದು, ಕಂಡುಹಿಡಿದವರಿಗೆ 2015ರಲ್ಲಿ ನೊಬೆಲ್ ಬಂತು. ಮದ್ದು ಒಳ್ಳೆಯದೇ. ಆದರೆ ಅದು ನೀರಿಗೆ ಒಗ್ಗದು, ಕೊಬ್ಬಿಗೆ ಒಗ್ಗುವುದು. ಚುಚ್ಚಿದ ಮದ್ದು ದನದ ಮೈಕೊಬ್ಬಿನಲ್ಲಿ ಸೇರಿ, ಅಲ್ಲಿಂದ ಸ್ವಲ್ಪಸ್ವಲ್ಪವೇ ರಕ್ತಕ್ಕೆ ಬಂದು, ಕೆಚ್ಚಲಲ್ಲಿ ಹಾಲಿನ ಕೊಬ್ಬಿಗೆ ಇಳಿಯುತ್ತದೆ. ಅರಸಿನಕ್ಕೆ ಸಿಕ್ಕಿದ ಹಾಗೆಯೇ ಇದಕ್ಕೂ ಹಾಲಿನಲ್ಲಿ ಜಾಗ ಸಿಕ್ಕಿತು! ಒಂದೆರಡು ದಿನವಲ್ಲ, ವಾರಗಟ್ಟಲೆ ಬರುತ್ತದೆ. ಹಾಗಾಗಿ ಹಲವು ದೇಶಗಳಲ್ಲಿ ಕರೆಯುವ ದನಕ್ಕೆ ಇದನ್ನು ಚುಚ್ಚುವಂತಿಲ್ಲ.

ಕಾಯಿಸಿದರೆ ಹೋಗುತ್ತದೆ ಎಂದುಕೊಳ್ಳಬೇಡಿ, ಕುದಿಸಿದರೂ ಅದು ಹಾಗೆಯೇ ಇರುತ್ತದೆ. ಕೆಲವರು ಮೊಸರು ಹೆಪ್ಪಾದರೆ ಹಾಲು ಸರಿ ಇದೆ ಎಂದು ಲೆಕ್ಕ ಹಾಕುತ್ತಾರೆ. ಆ್ಯಂಟಿಬಯೋಟಿಕ್ ಇದ್ದರೆ ಹೆಪ್ಪಿಗೆ ತೊಂದರೆ ಆಗುವುದುಂಟು, ಆದರೆ ಐವರ್‌ಮೆಕ್ಟಿನ್ ಮೊಸರಿನ ಜೀವಾಣುವಿಗೆ ಏನೂ ಮಾಡದು. ರುಚಿ, ವಾಸನೆ, ಫ್ಯಾಟ್ ಯಾವುದರಲ್ಲೂ ಸುಳಿವು ಸಿಗದು. ಕೊಬ್ಬಿನೊಂದಿಗೆ ಹೋಗುವುದರಿಂದ ಬೆಣ್ಣೆಯಲ್ಲಿ ಇನ್ನೂ ದಪ್ಪವಾಗಿ ಸೇರುತ್ತದೆ. ಸಂಘಕ್ಕೆ ಹಾಕುವುದಿಲ್ಲ, ಮನೆಗೆ ಇಟ್ಟುಕೊಳ್ಳುತ್ತೇವೆ ಎನ್ನುವವರು ಇದನ್ನು ಯೋಚಿಸಬೇಕು. ಮನೆಯಲ್ಲಿ ಕುಡಿಯುವವರು ಮಕ್ಕಳೇ ಅಲ್ಲವೇ?

ಹಾಗಾದರೆ ದನಕ್ಕೆ ಮದ್ದು ಕೊಡುವುದು ಬೇಡವೇ? ಬೇಕು. ಹೊತ್ತು ನೋಡಿ ಕೊಡಬೇಕು. ಗಬ್ಬದ ದನದ ಹಾಲು ಬತ್ತಿಸುವಾಗಲೇ ವೈದ್ಯರ ಹತ್ತಿರ ಮಾತಾಡಿ. ಬತ್ತಿಸಿದ ಅವಧಿಯ ಕೊನೆಗೆ ಚುಚ್ಚಿದರೆ ಗಿಣ್ಣುಹಾಲಿಗೂ ಬರಬಹುದು, ಆದ್ದರಿಂದ ಕರು ಹಾಕುವ ಅಂದಾಜು ದಿನವನ್ನು ಅವರಿಗೆ ಸರಿಯಾಗಿ ಹೇಳಿ. ಕರೆಯುವ ದನಕ್ಕೇ ಬೇಕಾದರೆ, ಅದೇ ಕುಟುಂಬದ ಎಪ್ರಿನೊಮೆಕ್ಟಿನ್ ಹಾಲಿಗೆ ಬಹಳ ಕಡಿಮೆ ಇಳಿಯುತ್ತದೆ, ಸಿಗುತ್ತದೆಯೇ ಎಂದು ಕೇಳಿ. ಅಂಗಡಿಯಿಂದ ತಂದು ನಾವೇ ಚುಚ್ಚುವ ಧೈರ್ಯ ಬೇಡ.

2012ರಿಂದ ಇಂಥ ಔಷಧಿಗಳ ಚೀಟಿಯಲ್ಲಿ ಎಷ್ಟು ದಿನ ಹಾಲು ಬಳಸಬಾರದು ಎಂದು ಬರೆಯಬೇಕೆಂಬ ಕಾನೂನು ನಮ್ಮ ದೇಶದಲ್ಲಿದೆ. ನಿರ್ದಿಷ್ಟವಾಗಿ ಗೊತ್ತಿಲ್ಲದ ಮದ್ದಿಗೆ ಹಾಲಿನ ಮಟ್ಟಿಗೆ 7 ದಿನಕ್ಕಿಂತ ಕಡಿಮೆ ಇರಬಾರದು. ಏಳು ದಿನದ ಹಾಲು ಬಿಡುವುದೆಂದರೆ ಹಿಂಡಿಯ ದುಡ್ಡೂ ಕೈಯಿಂದ ಹೋದ ಹಾಗೆ, ಅದು ಸುಲಭವಲ್ಲ ಎಂದು ಗೊತ್ತು. ಆದರೆ ನಿಮ್ಮ ಐದು ಲೀಟರು ಬೀಳುವುದು ಸಂಘದ ಕ್ಯಾನಿಗೆ, ಅಲ್ಲಿಂದ ಅದು ಬೇರೆ ಮನೆಯವರ ಹಾಲಿನೊಂದಿಗೆ ಬೆರೆತು ಮುಂದೆ ಹೋಗುತ್ತದೆ.

ಹಟ್ಟಿಯ ಕ್ಯಾಲೆಂಡರಿನಲ್ಲಿ ಮದ್ದು ಕೊಟ್ಟ ದಿನ, ದನದ ಹೆಸರು, ಹಾಲು ಹಾಕಬಹುದಾದ ದಿನ, ಈ ಮೂರನ್ನೂ ಬರೆದಿಡಿ. ನೀವು ಮದುವೆಗೋ ತವರಿಗೋ ಹೋದ ದಿನ ಹಾಲು ಕರೆಯುವವರು ಬೇರೆಯವರು, ಅವರಿಗೂ ಅದು ಕಾಣುವಂತಿರಲಿ.