ಶಾಲೆಯ ಹೆಸರು ಮತ್ತು ಹೊಸ ಮುಖ್ಯಸ್ಥರು



ಮೇ ತಿಂಗಳು ಬಂತೆಂದರೆ ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆ, ಚಾಂಪಿಯನ್ ರೀಫ್ಸ್‌ನ ಅನೇಕ ಮನೆಗಳಲ್ಲಿ ಒಂದೇ ಮಾತು: ಮಗುವನ್ನು ಅದೇ ಶಾಲೆಯಲ್ಲಿ ಮುಂದುವರಿಸೋಣವೇ, ಟಿ.ಸಿ. ತೆಗೆದುಕೊಳ್ಳೋಣವೇ? ಶಾಲೆಗೆ ಹೊಸ ಮುಖ್ಯಸ್ಥರು ಬಂದಿದ್ದರಂತೂ ಮಾತು ಇನ್ನೂ ಜೋರು. "ಹಳೆಯ ಸಿಸ್ಟರ್ ಕಾಲದ ಶಿಸ್ತು ಈಗಿಲ್ಲ" ಎಂದು ಒಬ್ಬರು, "ಹೊಸಬರು ಬಹಳ ಕಟ್ಟುನಿಟ್ಟು, ಇನ್ನು ರಿಸಲ್ಟ್ ನೋಡಿ" ಎಂದು ಇನ್ನೊಬ್ಬರು.

ಈ ಚಿಂತೆ ನ್ಯಾಯವಾದದ್ದೇ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ನಮ್ಮ ಎಷ್ಟೋ ಕುಟುಂಬಗಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ, ರಾತ್ರಿ ಮರಳಿ ಬದುಕು ನಡೆಸುತ್ತಿವೆ. ದುಡಿದದ್ದರಲ್ಲಿ ದೊಡ್ಡ ಪಾಲು ಮಕ್ಕಳ ಫೀಜಿಗೆ ಹೋಗುತ್ತದೆ. ಆದರೆ ಶಾಲೆ ತೆರೆದಿರುವ ಹೊತ್ತಿನಲ್ಲಿ ತಂದೆತಾಯಿ ಊರಿನಲ್ಲಿಲ್ಲ. ಆದ್ದರಿಂದ ಶಾಲೆಯ ಸುದ್ದಿ ಅವರಿಗೆ ಸಿಗುವುದು ರೈಲಿನ ಡಬ್ಬಿಯಲ್ಲಿ, ಮತ್ತೊಬ್ಬರ ಬಾಯಿಂದ. ಮಗುವಿನ ಒಂದು ವರ್ಷವನ್ನು ಇಂಥ ಮಾತಿನ ಮೇಲೆ ತೀರ್ಮಾನಿಸಬಹುದೇ?

ಈ ವರ್ಷದ ಫಲ ಯಾರದು?

ಮರವನ್ನು ಅದರ ಫಲದಿಂದ ಗುರುತಿಸಬೇಕೆಂದು ಪ್ರಭು ಯೇಸು ಕಲಿಸಿದರು. ಆದರೆ ಫಲಕ್ಕೆ ಕಾಲ ಬೇಕೆಂಬುದು ನಮ್ಮ ಕೋಲಾರ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ಶ್ರೀನಿವಾಸಪುರದ ತೋಪಿನಲ್ಲಿ ಈ ಬೇಸಿಗೆ ಕಿತ್ತ ಮಾವು, ಹಿಂದೆ ಯಾರೋ ನೆಟ್ಟು ನೀರೆರೆದ ಮರದ್ದು. ಶಾಲೆಯೂ ಹಾಗೆಯೇ. ಹೊಸ ಮುಖ್ಯಸ್ಥರ ಮೊದಲ ವರ್ಷದ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಹೆಚ್ಚಿನ ಪಾಲು ಹಿಂದಿನವರದು. ಅದು ಚೆನ್ನಾಗಿದ್ದರೆ ಹೊಸಬರನ್ನು ಹೊಗಳುವುದೂ, ಕುಸಿದರೆ ಅವರನ್ನೇ ದೂರುವುದೂ ಎರಡೂ ಅವಸರ. ಶಾಲೆಯ ಹೆಸರು ಎಂಬುದು ಆಗಿಹೋದ ಕೆಲಸದ ನೆನಪು. ಈಗ ನಡೆಯುತ್ತಿರುವ ಕೆಲಸವನ್ನು ಬೇರೆಯಾಗಿಯೇ ನೋಡಬೇಕು.

ಕಾಟನ್ ಎಂಬ ಮುಖ್ಯಸ್ಥರು

ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯ ಹೆಸರು ನಿಮಗೆಲ್ಲ ಗೊತ್ತು. 1865ರಲ್ಲಿ ಪ್ರಾರಂಭವಾದ ಆ ಶಾಲೆ ಹೊತ್ತಿರುವುದು ಆಂಗ್ಲಿಕನ್ ಸಭೆಯ ಬಿಷಪ್ ಜಾರ್ಜ್ ಕಾಟನ್‌ರ ಹೆಸರನ್ನು. ಅವರು ಭಾರತಕ್ಕೆ ಬರುವ ಮೊದಲು, 1852ರಲ್ಲಿ, ಇಂಗ್ಲೆಂಡಿನ ಮಾರ್ಲ್‌ಬರೋ ಶಾಲೆಯ ಮುಖ್ಯಸ್ಥರಾದರು. 1843ರಲ್ಲಿ ಹುಟ್ಟಿದ ಆ ಶಾಲೆಯಲ್ಲಿ 1851ರಲ್ಲಿ ವಿದ್ಯಾರ್ಥಿಗಳು ದಂಗೆಯೆದ್ದಿದ್ದರು. ಹೆಸರು ಕೆಟ್ಟು ಶಾಲೆ ಸಂಕಷ್ಟಕ್ಕೆ ಸಿಕ್ಕಿತ್ತು. ಆಗಿನ ಹೆಸರನ್ನು ಮಾತ್ರ ಕೇಳಿದ ಯಾವ ತಂದೆಯೂ ಮಗನನ್ನು ಅಲ್ಲಿಗೆ ಕಳುಹಿಸುತ್ತಿರಲಿಲ್ಲ.

ಕಾಟನ್ ಉತ್ಸಾಹಿ ಯುವ ಅಧ್ಯಾಪಕರನ್ನು ಕರೆತಂದರು. ಬಿಡುವಿನ ವೇಳೆಯಲ್ಲಿ ಹಾದಿ ತಪ್ಪುತ್ತಿದ್ದ ಹುಡುಗರಿಗೆ ಕ್ರಮಬದ್ಧ ಆಟಗಳನ್ನು ಏರ್ಪಡಿಸಿದರು. 1853ರಲ್ಲಿ ತಂದೆತಾಯಿಗಳಿಗೆ ಒಂದು ಸುತ್ತೋಲೆ ಬರೆದು, ತಾವು ತರುತ್ತಿರುವ ಬದಲಾವಣೆಯನ್ನು ವಿವರಿಸಿದರು. 1858ರಲ್ಲಿ ಅವರು ಕಲ್ಕತ್ತೆಯ ಬಿಷಪ್ ಆಗಿ ಹೊರಟಾಗ ಶಾಲೆ ಚೇತರಿಸಿಕೊಂಡಿತ್ತು.

ಬೆಂಗಳೂರಿನ ಶಾಲೆಯನ್ನು ಮುಂದೆ ನಡೆಸಿದವರಲ್ಲಿ ಜಿ.ಯು. ಪೋಪ್ ಒಬ್ಬರು. ಊಟಿಯ ಶಾಲೆಯಲ್ಲಿದ್ದಾಗ ಅವರು ಕಠಿಣ ದಂಡನೆಗೆ ಹೆಸರಾಗಿದ್ದರು. ತಿರುಕ್ಕುರಳನ್ನು ಇಂಗ್ಲಿಷಿಗೆ ತಂದು 1886ರಲ್ಲಿ ಪ್ರಕಟಿಸಿದವರೂ ಅವರೇ. ನಮ್ಮ ತಮಿಳು ಕುಟುಂಬಗಳು ಅವರನ್ನು ಇಂದಿಗೂ ಗೌರವದಿಂದ ನೆನೆಯುತ್ತವೆ. ಒಬ್ಬ ಮನುಷ್ಯನನ್ನು "ಕಟ್ಟುನಿಟ್ಟು" ಎಂಬ ಒಂದೇ ಮಾತಿನಲ್ಲಿ ಅಳೆಯಲಾಗದು.

ವಿವೇಕದ ದಾರಿ

ಸಂತ ತೋಮಸ್ ಅಕ್ವಿನಾಸರು ವಿವೇಕ ಎಂಬ ಸದ್ಗುಣಕ್ಕೆ ಹಲವು ಅಂಗಗಳನ್ನು ಹೇಳುತ್ತಾರೆ. ಅವುಗಳಲ್ಲಿ ಮೂರು ನಮಗೆ ಇಲ್ಲಿ ಬೇಕು. ಮೊದಲನೆಯದು ನೆನಪು, ಅಂದರೆ ನಡೆದದ್ದನ್ನು ಬಣ್ಣ ಹಚ್ಚದೆ ನೆನೆಯುವುದು. ಹಳೆಯ ಮುಖ್ಯಸ್ಥರ ಕಾಲದಲ್ಲೂ ನಾವು ದೂರುಗಳನ್ನು ಹೇಳುತ್ತಿದ್ದೆವಲ್ಲವೇ? ಎರಡನೆಯದು ತಿಳಿದವರಿಂದ ಕಲಿಯುವ ವಿನಯ. ಮೂರನೆಯದು ಸುತ್ತಲಿನ ಸ್ಥಿತಿಗತಿಗಳನ್ನು ಗಮನಿಸುವುದು. ಒಂದು ಮಗುವಿಗೆ ಒಪ್ಪುವ ಶಾಲೆ ಅದರ ತಮ್ಮನಿಗೆ ಒಪ್ಪದಿರಬಹುದು. ಹತ್ತನೇ ತರಗತಿಯ ಹೊಸ್ತಿಲಲ್ಲಿರುವ ಮಗುವನ್ನು ಕದಲಿಸುವುದೂ ಒಂದನೇ ತರಗತಿಯ ಮಗುವನ್ನು ಕದಲಿಸುವುದೂ ಒಂದೇ ಅಲ್ಲ.

ಹೊಸ ಮುಖ್ಯಸ್ಥರಿಗೂ ಒಂದು ಮಾನವಿದೆ. ಸಾಕಷ್ಟು ಆಧಾರವಿಲ್ಲದೆ ಇನ್ನೊಬ್ಬರ ತಪ್ಪನ್ನು ನಿಜವೆಂದು ಮನಸ್ಸಿನಲ್ಲಿ ಒಪ್ಪಿಕೊಳ್ಳುವುದನ್ನೂ ಧರ್ಮಸಭೆಯ ಧರ್ಮೋಪದೇಶವು ಎಂಟನೇ ಕಟ್ಟಳೆಯ ಕೆಳಗೆ ದೋಷವೆಂದೇ ಎಣಿಸುತ್ತದೆ. ರೈಲಿನಲ್ಲಿ ಕೇಳಿದ್ದನ್ನು ಮನೆಯಲ್ಲಿ ಮಕ್ಕಳ ಮುಂದೆ ಆಡುವ ಮುನ್ನ ಇದು ನೆನಪಿರಲಿ. ಸಂಜೆ ತಂದೆ ಹಗುರವಾಗಿ ಆಡಿದ ಗುರುವಿನ ಮಾತನ್ನು ಬೆಳಿಗ್ಗೆ ಮಗು ಗೌರವದಿಂದ ಕೇಳುವುದು ಕಷ್ಟ.

ಕಣ್ಣಾರೆ ನೋಡಬೇಕಾದವು

ಹಾಗಾದರೆ ಕಣ್ಣು ಮುಚ್ಚಿ ನಂಬಬೇಕೇ? ಇಲ್ಲ. 1965ರ ಅಕ್ಟೋಬರ್ 28ರಂದು ಹೊರಬಂದ ದ್ವಿತೀಯ ವ್ಯಾಟಿಕನ್ ಮಹಾಸಭೆಯ ಶಿಕ್ಷಣ ಘೋಷಣೆಯು ತಂದೆತಾಯಿಗಳೇ ಮಕ್ಕಳ ಮೊದಲ ಶಿಕ್ಷಕರು ಎಂದು ಸಾರಿತು. ಒಂದು ದಿನ ರಜೆ ಹಾಕಿಯಾದರೂ ಶಾಲೆಗೆ ಹೋಗಿ ಈ ನಾಲ್ಕನ್ನು ವಿಚಾರಿಸಿರಿ.

1. ಅಧ್ಯಾಪಕರು: ಅನುಭವಿಗಳು ಉಳಿದಿದ್ದಾರೆಯೇ? ಒಂದೇ ವರ್ಷದಲ್ಲಿ ಹಲವರು ಬಿಟ್ಟಿದ್ದರೆ ಕಾರಣ ಕೇಳಿರಿ.

2. ಹಿಂದುಳಿದ ಮಕ್ಕಳು: ನೂರಕ್ಕೆ ನೂರು ಎಂಬ ಬ್ಯಾನರ್ ಕಂಡರೆ ಇನ್ನೊಂದು ಲೆಕ್ಕ ಕೇಳಿರಿ. ಎಂಟನೇ ತರಗತಿಯಲ್ಲಿದ್ದ ಮಕ್ಕಳಲ್ಲಿ ಎಷ್ಟು ಜನ ಅದೇ ಶಾಲೆಯಿಂದ ಪರೀಕ್ಷೆ ಬರೆದರು? ಓದಿನಲ್ಲಿ ಹಿಂದಿರುವವರ ಕೈಗೆ ಒಂಬತ್ತರಲ್ಲೇ ಟಿ.ಸಿ. ಕೊಟ್ಟು ಗಳಿಸಿದ ನೂರಕ್ಕಿಂತ, ಎಲ್ಲರನ್ನೂ ಕೂಡಿಸಿಕೊಂಡು ಪಡೆದ ಎಂಬತ್ತು ಮೇಲು. ನಾಳೆ ಹಿಂದುಳಿಯುವುದು ನಿಮ್ಮ ಮಗುವೇ ಆಗಬಹುದು.

3. ಹಣ: ಫೀಜಿನ ಪಟ್ಟಿ ಬರಹದಲ್ಲಿದೆಯೇ? ಕೊಟ್ಟದ್ದಕ್ಕೆಲ್ಲ ರಸೀದಿ ಸಿಗುತ್ತದೆಯೇ?

4. ಮಾತುಕತೆ: 1983ರ ಧರ್ಮಸಭಾ ಕಾನೂನಿನ 796ನೇ ವಿಧಿಯು, ಅಧ್ಯಾಪಕರು ತಂದೆತಾಯಿಗಳ ಮಾತನ್ನು ಮನಸಾರೆ ಕೇಳಬೇಕು, ಅವರಿಗಾಗಿ ಸಭೆ ಸಂಘಗಳಿರಬೇಕು ಎನ್ನುತ್ತದೆ. ಹೊಸ ಮುಖ್ಯಸ್ಥರು ಕೇಳುತ್ತಾರೆಯೇ, ಕಾಟನ್‌ರಂತೆ ಕಾರಣ ಹೇಳುತ್ತಾರೆಯೇ, ಅಥವಾ ಗೇಟಿನಲ್ಲೇ ನಿಲ್ಲಿಸುತ್ತಾರೆಯೇ?

ಈ ನಾಲ್ಕಕ್ಕೆ ಒಳ್ಳೆಯ ಉತ್ತರ ಸಿಕ್ಕರೆ ಒಂದು ಪೂರ್ಣ ವರ್ಷ ಕಾದು ನೋಡಿರಿ. ಸಿಗದಿದ್ದರೆ ಮೊದಲು ಮುಖ್ಯಸ್ಥರಿಗೆ, ಆಮೇಲೆ ಆಡಳಿತ ಮಂಡಳಿಗೆ ಬರೆದು ಕೊಡಿರಿ. ಆಗಲೂ ಬದಲಾಗದಿದ್ದರೆ ಶಾಲೆ ಬದಲಿಸುವುದು ನಿಮ್ಮ ಹಕ್ಕು. ಅದು ಕ್ರೈಸ್ತ ಶಾಲೆಯೆಂಬ ಕಾರಣಕ್ಕೆ ಸಂಕೋಚ ಬೇಡ. ಕಥೋಲಿಕ ಶಾಲೆಯ ಪಾಠ ಸುತ್ತಲಿನ ಶಾಲೆಗಳ ಪಾಠಕ್ಕಿಂತ ಕಡಿಮೆಯಾಗಬಾರದೆಂದು ಅದೇ ಕಾನೂನಿನ 806ನೇ ವಿಧಿ ಅದರ ಮುಖ್ಯಸ್ಥರನ್ನು ಎಚ್ಚರಿಸುತ್ತದೆ.

ಕಾಯಬಾರದ ವಿಷಯ

ಒಂದು ವಿಷಯದಲ್ಲಿ ಮಾತ್ರ ವರ್ಷವಲ್ಲ, ಒಂದು ದಿನವೂ ಕಾಯಬೇಡಿರಿ. ಮಗು ಹೊಡೆತಕ್ಕೆ, ಅವಮಾನಕ್ಕೆ ಹೆದರಿ ಶಾಲೆಗೆ ಹೋಗಲು ಅಳುತ್ತಿದ್ದರೆ, ಯಾರಾದರೂ ಅದನ್ನು ಕೆಟ್ಟ ರೀತಿಯಲ್ಲಿ ಮುಟ್ಟಿದ್ದರೆ, ಮಗುವಿನ ಮಾತನ್ನು ನಂಬಿರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧವನ್ನು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯ್ದೆ ಹೇಳುತ್ತದೆ. ಮಕ್ಕಳ ಸಹಾಯವಾಣಿ 1098. ಶಾಲೆಯ ಹೆಸರು, ಸಂಸ್ಥೆಯ ಹೆಸರು, ಧರ್ಮಕೇಂದ್ರದ ಹೆಸರು, ಯಾವುದೂ ಇಲ್ಲಿ ಅಡ್ಡ ಬರಬಾರದು.

ಕುಟುಂಬದಲ್ಲಿ ಚಿಂತನೆಗೆ

1. ನಮ್ಮ ಮಗುವಿನ ಶಾಲೆಯ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಕಣ್ಣಾರೆ ಕಂಡದ್ದು ಎಷ್ಟು, ಕೇಳಿದ್ದು ಎಷ್ಟು?

2. ಕಳೆದ ವರ್ಷ ನಾವು ತರಗತಿಯ ಅಧ್ಯಾಪಕರೊಡನೆ ಎಷ್ಟು ಸಲ ಮಾತನಾಡಿದೆವು?

3. ಶಾಲೆ ಬದಲಿಸುವ ಮುನ್ನ ಮಗುವಿನ ಅಭಿಪ್ರಾಯ ಕೇಳಿದ್ದೇವೆಯೇ?